ಮುತ್ಯಾ ಸೊರಗಿದ್ದು ವಯಸ್ಸಿನಿಂದಲ್ಲ

ವಯಸ್ಸಾದ ಮೇಲೆ ಊಟ ಕಡಿಮೆ ಇರಬೇಕು, ಮೈ ಹಗುರ ಇರಬೇಕು ಎಂಬ ಮಾತಿಗೆ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಎದುರಾಡುವವರೇ ಇಲ್ಲ. ಆಳಂದದ ಸಂತೆಯಲ್ಲಿ ಕೇಳಿ, ಅಫಜಲಪುರದ ಬಸ್ ನಿಲ್ದಾಣದಲ್ಲಿ ಕೇಳಿ, ಜೇವರ್ಗಿಯ ಔಷಧಿ ಅಂಗಡಿಯ ಮುಂದೆ ಕೇಳಿ, ಉತ್ತರ ಒಂದೇ. ಮುತ್ಯಾನ ಅಂಗಿ ಹೆಗಲಿನಿಂದ ಜೋಲುತ್ತಿದ್ದರೆ ‘ವಯಸ್ಸಾಯ್ತಲ್ರೀ, ಇನ್ನೇನು ದಪ್ಪ ಆಗ್ತಾರಾ’ ಎನ್ನುತ್ತಾರೆ. ಆಯಿ ಅರ್ಧ ರೊಟ್ಟಿಗೆ ಕೈ ತೊಳೆದರೆ ‘ಹಗೂರಕ ಉಂಡ್ರೇ ಛಲೋ’ ಎನ್ನುತ್ತಾರೆ. ಹೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ, ಓದಿದವರೂ ಇದನ್ನೇ ಹೇಳುತ್ತಾರೆ, ಮದ್ದು ಬರೆದುಕೊಡುವವರೂ ಎಷ್ಟೋ ಸಲ ಇದನ್ನೇ ಹೇಳಿ ಕಳಿಸುತ್ತಾರೆ. ಎಲ್ಲರೂ ಒಪ್ಪಿದ ಈ ಮಾತು ತಪ್ಪು ಎಂಬುದು ನನ್ನ ವಾದ. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇದು ಹಿರಿಯರ ಕಾಲಿನ ಬಲವನ್ನು, ತಾವೇ ಎದ್ದು ನಡೆಯುವ ಸ್ವಾತಂತ್ರ್ಯವನ್ನು, ಕೊನೆಗೆ ಆಯುಷ್ಯದ ಕೆಲವು ವರ್ಷಗಳನ್ನೇ ಕಸಿಯುವ ಮಾತು. ಅರವತ್ತು ದಾಟಿದವರ ತೂಕ ಕಾರಣ ಗೊತ್ತಾಗದೆ ಇಳಿಯುತ್ತಿದ್ದರೆ ಅದನ್ನು ಮುಪ್ಪಿನ ಖಾತೆಗೆ ಬರೆಯಬಾರದು. ಅದರ ಹಿಂದೆ ರೋಗವಿರುತ್ತದೆ, ಇಲ್ಲವೇ ಹಸಿವಿರುತ್ತದೆ, ಇಲ್ಲವೇ ಅಲಕ್ಷ್ಯವಿರುತ್ತದೆ. ಮೂರಕ್ಕೂ ಪರಿಹಾರವಿದೆ.

ಮೊದಲು ಲೆಕ್ಕ ನೋಡೋಣ. 45 ದಾಟಿದ 72 ಸಾವಿರಕ್ಕೂ ಹೆಚ್ಚು ಭಾರತೀಯರನ್ನು 2017–18ರಲ್ಲಿ ಮನೆಮನೆಗೆ ಹೋಗಿ ಅಳೆದು ತೂಗಿದ ‘ಲಾಸಿ’ ಎಂಬ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 60 ದಾಟಿದವರಲ್ಲಿ ನೂರಕ್ಕೆ 27 ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ದೇಶದ ನಾಲ್ವರು ಹಿರಿಯರಲ್ಲಿ ಒಬ್ಬರಿಗಿಂತ ಹೆಚ್ಚು. ಇಷ್ಟು ದೊಡ್ಡ ಸಂಗತಿ ನಮ್ಮ ಕಣ್ಣಿಗೆ ಬೀಳದಿರಲು ಒಂದು ಕಾರಣ, ನಾವು ಹಿರಿಯರನ್ನು ತೂಗುವುದೇ ಇಲ್ಲ. ಸರ್ಕಾರದ ಪೌಷ್ಟಿಕತೆಯ ಮಾತೆಲ್ಲ ನಿಂತಿರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇಲೆ. ಆ ಸಮೀಕ್ಷೆ ದೊಡ್ಡವರಲ್ಲಿ ತೂಗುವುದು 15ರಿಂದ 49ರ ಹೆಂಗಸರನ್ನು, 15ರಿಂದ 54ರ ಗಂಡಸರನ್ನು. ಅದಾದ ಮೇಲಿನ ವಯಸ್ಸಿನವರ ತೂಕ ಅದರ ಪುಸ್ತಕದಲ್ಲಿಲ್ಲ. ಅಂಗನವಾಡಿಯಲ್ಲಿ ಮಗುವನ್ನು ತಿಂಗಳು ತಿಂಗಳೂ ತೂಗುತ್ತಾರೆ, ಬಸುರಿಯನ್ನು ತೂಗುತ್ತಾರೆ, 1975ರಿಂದ ಈ ವ್ಯವಸ್ಥೆ ನಡೆದು ಬಂದಿದೆ. ಅದೇ ಓಣಿಯ ಎಪ್ಪತ್ತರ ಹೆಣ್ಣುಮಗಳು ಕೊನೆಯ ಸಲ ತೂಕದ ಯಂತ್ರದ ಮೇಲೆ ನಿಂತದ್ದು ಯಾವಾಗ ಎಂದು ಕೇಳಿದರೆ ಮನೆಯವರಿಗೂ ಗೊತ್ತಿರುವುದಿಲ್ಲ. ಅಳೆಯದೆ ಬಿಟ್ಟದ್ದು ಸಹಜವಾಗಿ ಕಾಣತೊಡಗುತ್ತದೆ.

ತೆಳ್ಳಗಿದ್ದರೆ ಆಯುಷ್ಯ ಹೆಚ್ಚು ಎಂಬ ನಂಬಿಕೆಯನ್ನೂ ಪರೀಕ್ಷಿಸಿಯಾಗಿದೆ. ಆಸ್ಟ್ರೇಲಿಯಾದ ಜೇನ್ ವಿಂಟರ್ ಮತ್ತು ಸಂಗಡಿಗರು 2014ರಲ್ಲಿ 32 ಅಧ್ಯಯನಗಳನ್ನು ಒಟ್ಟುಗೂಡಿಸಿ, 65 ದಾಟಿದ ಸುಮಾರು ಎರಡು ಲಕ್ಷ ಜನರ ತೂಕ ಮತ್ತು ಸಾವಿನ ಸಂಬಂಧ ನೋಡಿದರು. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಎಂಬ ಅಳತೆ 23ಕ್ಕಿಂತ ಕೆಳಗಿಳಿದಂತೆ ಸಾವಿನ ಅಪಾಯ ಏರುತ್ತ ಹೋಯಿತು. ನಡುವಯಸ್ಸಿನವರಿಗೆ ‘ಸ್ವಲ್ಪ ದಪ್ಪ’ ಎನ್ನಿಸುವ ತೂಕದಲ್ಲಿ ಹಿರಿಯರಿಗೆ ಅಪಾಯ ಅತಿ ಕಡಿಮೆಯಿತ್ತು. ಬಿಳಿಯರ ಮೈಗೂ ನಮ್ಮ ಮೈಗೂ ಒಂದೇ ಅಳತೆಯೇ ಎಂದು ಕೇಳುವುದು ನ್ಯಾಯವೇ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ನಿಜ, ಆದ್ದರಿಂದ ಆ ಅಂಕಿಗಳನ್ನು ಹಾಗೆ ಹಾಗೇ ತಂದು ಇಲ್ಲಿ ಅಂಟಿಸಬಾರದು. ಆದರೆ ಜಪಾನಿನವರೂ ಏಷ್ಯಾದವರೇ, ಲೋಕದಲ್ಲಿ ಅತಿ ಹೆಚ್ಚು ಬಾಳುವವರ ಸಾಲಿನವರು, ಮಿತಾಹಾರಕ್ಕೆ ಹೆಸರಾದವರು. ಆ ದೇಶದ 2020ರ ಆಹಾರ ಮಾನದಂಡ 49ರವರೆಗಿನವರಿಗೆ ಬಿಎಂಐ ಕನಿಷ್ಠ 18.5 ಇದ್ದರೆ ಸಾಕು ಎನ್ನುತ್ತದೆ. 50ರಿಂದ 64ರವರಿಗೆ ಅದನ್ನು 20ಕ್ಕೆ, 65 ದಾಟಿದವರಿಗೆ 21.5ಕ್ಕೆ ಏರಿಸುತ್ತದೆ. ವಯಸ್ಸು ಏರಿದಂತೆ ಕನಿಷ್ಠ ತೂಕವೂ ಏರಬೇಕು ಎಂದು ಅವರು ತೀರ್ಮಾನಿಸಿದ್ದಾರೆ. ನಮ್ಮ ಪಡಸಾಲೆಯ ತೀರ್ಪಿಗೆ ಇದು ತದ್ವಿರುದ್ಧ. ಐದು ಅಡಿಗೆ ಒಂದಿಷ್ಟು ಕಡಿಮೆ, ಅಂದರೆ 150 ಸೆಂಟಿಮೀಟರ್ ಎತ್ತರದ ಆಯಿಗೆ ಈ ಲೆಕ್ಕದಲ್ಲಿ 48 ಕಿಲೋ ತೂಕ ಇರಬೇಕು. 38 ಕಿಲೋ ಇದ್ದರೆ ‘ಹಗುರ ಅದಾಳ’ ಎಂದು ಮೆಚ್ಚಿಕೊಳ್ಳುವಂತಿಲ್ಲ. ಆಕೆಯ ಬಿಎಂಐ 17 ಕೂಡ ಆಗುವುದಿಲ್ಲ.

ಆ ಹತ್ತು ಕಿಲೋದಲ್ಲಿ ಹೋದದ್ದು ಏನು ಎಂಬುದು ಮುಖ್ಯ. ವಯಸ್ಸಾದವರ ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ, ಮತ್ತೆ ತೂಕ ಬಂದರೂ ಮಾಂಸಖಂಡ ಅಷ್ಟು ಸುಲಭವಾಗಿ ಮರಳುವುದಿಲ್ಲ. ತೊಡೆಯ ಖಂಡ ಕರಗಿದವರು ಹೊರಸಿನಿಂದ ಏಳುವಾಗ ಎರಡೂ ಕೈ ಊರುತ್ತಾರೆ. ಕುಕ್ಕರಗಾಲಲ್ಲಿ ಕೂತರೆ ಏಳಲಾರರು ಎಂದು ಬಯಲಿಗೆ ಹೋಗುವುದನ್ನು, ಸಂಡಾಸಿಗೆ ಹೋಗುವುದನ್ನು ಮುಂದೂಡುತ್ತಾರೆ. ಅದಕ್ಕಾಗಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಬಿಟ್ಟಾಗ ಮಲಬದ್ಧತೆ, ಮಲಬದ್ಧತೆಯಿಂದ ಹಸಿವು ಇನ್ನಷ್ಟು ಇಳಿಯುವುದು. ಹೊಸ್ತಿಲಲ್ಲಿ ಮುಗ್ಗರಿಸಿದಾಗ ಸಾವರಿಸಿಕೊಳ್ಳುವ ಬಲ ಇರುವುದಿಲ್ಲ, ಸೊಂಟದ ಎಲುಬು ಮುರಿಯುತ್ತದೆ. ಆಮೇಲೆ ಬ್ಯಾಂಕಿಗೆ ಹೋಗಲು ಮಗ ಬೇಕು, ಗುಡಿಗೆ ಹೋಗಲು ಮೊಮ್ಮಗ ಬೇಕು, ಸ್ನಾನಕ್ಕೆ ಸೊಸೆ ಬೇಕು. ಬದುಕಿನ ಗುಣಮಟ್ಟ ಎಂದು ತಜ್ಞರು ಕರೆಯುವುದು ಇದನ್ನೇ: ಇನ್ನೊಬ್ಬರ ಕೈ ಹಿಡಿಯದೆ ಎಷ್ಟು ಕೆಲಸ ಮಾಡಿಕೊಳ್ಳಬಲ್ಲರು ಎಂಬುದು. ಇದನ್ನು ಪರೀಕ್ಷಿಸಲು ಯಂತ್ರವೂ ಬೇಡ. ಜಪಾನಿನ ಕಾಶಿವಾ ನಗರದಲ್ಲಿ 65 ದಾಟಿದವರ ಮೇಲೆ ಪ್ರಯೋಗಿಸಿ ನೋಡಿದ ಒಂದು ವಿಧಾನವಿದೆ. ಕುಳಿತಲ್ಲೇ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆಯಂತೆ ಮಾಡಿ, ಮೀನಖಂಡದ ಅತಿ ದಪ್ಪ ಭಾಗಕ್ಕೆ ಸುತ್ತಬೇಕು. ಬೆರಳುಗಳು ಒಂದಕ್ಕೊಂದು ಮುಟ್ಟದಿದ್ದರೆ ಒಳ್ಳೆಯದು. ಮುಟ್ಟಿಯೂ ಕಾಲಿಗೂ ಬೆರಳಿಗೂ ನಡುವೆ ಸಂದು ಉಳಿದರೆ ಮಾಂಸಖಂಡ ಕರಗಿದೆ ಎಂದರ್ಥ. ಹಾಗೆ ಸಂದು ಉಳಿದವರಲ್ಲಿ ಮುಂದೆ ಪರಾವಲಂಬನೆಯೂ ಸಾವೂ ಹೆಚ್ಚಾಗಿದ್ದವು. ಟೇಪು ಇದ್ದರೆ ಇನ್ನೂ ನಿಖರ: ಮೀನಖಂಡದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಹಿರಿಯರ ಪೌಷ್ಟಿಕತೆ ಅಳೆಯುವ ಅಂತರರಾಷ್ಟ್ರೀಯ ಪ್ರಶ್ನಾವಳಿ ಅದನ್ನು ಅಪಾಯ ಎಂದು ಗುರುತಿಸುತ್ತದೆ.

ಈಗ ತಾಟಿಗೆ ಬರೋಣ. ಭಾರತದ ಸಾಮಾನ್ಯ ಲೆಕ್ಕದಲ್ಲಿ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಹಿರಿಯರ ದೇಹ ತಿಂದ ಪ್ರೋಟೀನನ್ನು ಮಾಂಸಖಂಡವಾಗಿ ಮಾರ್ಪಡಿಸುವುದರಲ್ಲಿ ಹಿಂದೆ ಬೀಳುವುದರಿಂದ ಅವರಿಗೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರ ಅಂತರರಾಷ್ಟ್ರೀಯ ತಂಡವೊಂದು 2013ರಲ್ಲೇ ಹೇಳಿದೆ. ಅಂದರೆ 48 ಕಿಲೋ ಇರಬೇಕಾದ ಆಯಿಗೆ ದಿನಕ್ಕೆ 48ರಿಂದ 58 ಗ್ರಾಂ. ಹಗೂರಕ ಉಣ್ಣುವವರ ಒಂದು ದಿನ ಹೀಗಿರುತ್ತದೆ: ಮುಂಜಾನೆ ಚಾ, ಜೊತೆಗೆ ಎರಡು ಟೋಸ್ಟು. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ತಿಳಿಸಾರು. ಸಂಜೆ ಮತ್ತೆ ಚಾ. ರಾತ್ರಿ ಒಂದು ಹಿಡಿ ಅನ್ನ ಅಥವಾ ನುಚ್ಚು, ಮಜ್ಜಿಗೆ. ರೊಟ್ಟಿಯ 50–60 ಗ್ರಾಂ ಹಿಟ್ಟಿನಲ್ಲಿ ಐದಾರು ಗ್ರಾಂ ಪ್ರೋಟೀನ್, ತಿಳಿಸಾರಿನ ತಳದ ಬೇಳೆಯಲ್ಲಿ ಎರಡು ಮೂರು, ಅನ್ನದಲ್ಲಿ ನಾಲ್ಕು, ಚಾದ ಹಾಲು, ಮಜ್ಜಿಗೆ, ಟೋಸ್ಟು ಎಲ್ಲ ಸೇರಿ ಆರೇಳು. ಕೂಡಿಸಿದರೆ 20 ಗ್ರಾಂ ಮುಟ್ಟುವುದೇ ಕಷ್ಟ. ಬೇಕಾದುದರ ಅರ್ಧಕ್ಕಿಂತ ಕಡಿಮೆ. ಇದು ನಡೆಯುತ್ತಿರುವುದು ತೊಗರಿಯ ಕಣಜ ಎಂದು ಹೆಸರಾದ ಜಿಲ್ಲೆಯಲ್ಲಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಬೆಳೆಯುವ ಹೊಲಗಳ ನಡುವೆ. ತೊಗರಿ ಬೇಳೆಯ 100 ಗ್ರಾಮಿನಲ್ಲಿ 21 ಗ್ರಾಮಿಗೂ ಹೆಚ್ಚು ಪ್ರೋಟೀನಿದೆ, ಶೇಂಗಾದಲ್ಲಿ 23ಕ್ಕೂ ಹೆಚ್ಚು. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶ ತೊಗರಿಯಲ್ಲಿ ಧಾರಾಳ. ರೊಟ್ಟಿಗೆ ಗಟ್ಟಿ ಬ್ಯಾಳಿ ಕೂಡಿಸಿದ ನಮ್ಮ ಹಿಂದಿನವರ ಊಟ ಅದೇ ಕಾರಣಕ್ಕೆ ಗಟ್ಟಿ ಊಟ. ಅದೇ ಆಯಿಗೆ ದಿನಕ್ಕೆ 50 ಗ್ರಾಂ ಬೇಳೆಯ ಗಟ್ಟಿ ಬ್ಯಾಳಿ, ಎರಡು ಚಮಚ ಶೇಂಗಾ ಹಿಂಡಿ, ರಾತ್ರಿ ಒಂದು ಲೋಟ ಹಾಲು, ತಿನ್ನುವವರಾದರೆ ಒಂದು ಮೊಟ್ಟೆ ಕೊಟ್ಟರೆ ಸುಮಾರು 28 ಗ್ರಾಂ ಕೂಡುತ್ತದೆ. ಲೆಕ್ಕ 48ರ ಹತ್ತಿರ ಬರುತ್ತದೆ. ಇದರಲ್ಲಿ ಪೇಟೆಯಿಂದ ತರಬೇಕಾದ ಡಬ್ಬಿಯ ಪುಡಿ ಒಂದೂ ಇಲ್ಲ.

ಹಸಿವೇ ಇಲ್ಲದವರಿಗೆ ಹೇಗೆ ಉಣಿಸುವುದು ಎಂದು ಮನೆಯವರು ಕೇಳುತ್ತಾರೆ. ಹಸಿವು ಯಾಕಿಲ್ಲ ಎಂದು ಕೇಳುವುದು ಮೊದಲ ಕೆಲಸ, ‘ವಯಸ್ಸಾಯ್ತು’ ಎಂಬ ಉತ್ತರ ಆ ಪ್ರಶ್ನೆಯನ್ನೇ ಮುಚ್ಚಿಹಾಕುತ್ತದೆ. ಎಷ್ಟೋ ಜನರಿಗೆ ಹಸಿವಿದೆ, ಹಲ್ಲಿಲ್ಲ. ತಂಬಾಕು, ಮಿಶ್ರಿಯಿಂದ ಸವೆದ ವಸಡಿಗೆ ಕಟಕ ರೊಟ್ಟಿ ಕಲ್ಲು. ನಾಲ್ಕು ಜನರ ಮುಂದೆ ಸಾರಿನಲ್ಲಿ ನೆನೆಸಿ ಹೀರಲು ಸಂಕೋಚ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೂಡಿಸುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲೇ ಇದೆ ಎಂಬುದನ್ನು ಆಯಿಯಂದಿರಿಗೆ ಯಾರು ಹೇಳಿದ್ದಾರೆ? ಇನ್ನು ಕೆಲವರಿಗೆ ಗುಳಿಗೆಗಳೇ ಹಸಿವು ಕೊಂದಿರುತ್ತವೆ; ಸಕ್ಕರೆ ಕಾಯಿಲೆಗೆ ಎಲ್ಲೆಡೆ ಕೊಡುವ ಮೆಟ್‌ಫಾರ್ಮಿನ್ ಕೂಡ ಕೆಲವರಲ್ಲಿ ಬಾಯಿ ಕೆಡಿಸುತ್ತದೆ. ಗಂಡ ಸತ್ತ ಮೇಲೆ, ಮಕ್ಕಳು ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಮೇಲೆ, ಒಬ್ಬಳಿಗಾಗಿ ಒಲೆ ಹಚ್ಚುವ ಮನಸ್ಸಾಗದೆ ಚಾ ಕುಡಿದು ಮಲಗುವವರಿದ್ದಾರೆ. ಅದು ಖಿನ್ನತೆ ಇರಬಹುದು, ಅದಕ್ಕೂ ಚಿಕಿತ್ಸೆಯಿದೆ. ಕ್ಷಯ, ಕ್ಯಾನ್ಸರ್, ಥೈರಾಯ್ಡ್, ಹತೋಟಿ ತಪ್ಪಿದ ಶುಗರ್ ಇವೆಲ್ಲ ಎಷ್ಟೋ ಸಲ ಮೊದಲು ಮುಖ ತೋರಿಸುವುದು ತೂಕ ಇಳಿಸಿಯೇ. ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದರಷ್ಟು ತೂಕ ತಾನಾಗಿಯೇ ಇಳಿದರೆ ಕಾರಣ ಹುಡುಕಲೇಬೇಕು ಎಂಬುದು ವೈದ್ಯಶಾಸ್ತ್ರದ ನಿಯಮ. 45 ಕಿಲೋದವರಿಗೆ ಅದು ಎರಡೂಕಾಲು ಕಿಲೋ. ತೂಕವೇ ನೋಡದ ಮನೆಯಲ್ಲಿ ಎರಡೂಕಾಲು ಕಿಲೋ ಯಾರ ಗಮನಕ್ಕೂ ಬರುವುದಿಲ್ಲ.

ಉಣಿಸಿದರೆ ಏನಾದೀತು ಎಂಬ ನಿರಾಶೆಯ ಮಾತಿಗೆ ಕರ್ನಾಟಕದಲ್ಲೇ ಕೆಲಸ ಮಾಡುವ ವೈದ್ಯರು ಉತ್ತರ ಕೊಟ್ಟಿದ್ದಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ 2019ರಿಂದ 2022ರವರೆಗೆ ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳಿಗೂ ಅವರ ಮನೆಯವರಿಗೂ ತಿಂಗಳ ಆಹಾರದ ಚೀಲ ಕೊಟ್ಟು ಪರೀಕ್ಷೆ ನಡೆಸಿದರು. ರೋಗಿಗಳ ಚೀಲದಲ್ಲಿದ್ದದ್ದು ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆಹಾರ ಸಿಕ್ಕ ಮನೆಯವರಿಗೆ ಕ್ಷಯ ತಗುಲುವುದು ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಗಳಿಸಿದ ರೋಗಿಗಳಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆಯಿತ್ತು. ಆ ಪರೀಕ್ಷೆ ಹಿರಿಯರಿಗಾಗಿ ಮಾಡಿದ್ದಲ್ಲ, ಕ್ಷಯರೋಗಿಗಳ, ಅವರ ಮನೆಯವರ ಮೇಲೆ ಮಾಡಿದ್ದು. ಆದರೂ ಬೇಳೆ, ಎಣ್ಣೆ, ತೂಕ ಇವು ಔಷಧಿಯ ಸಾಲಿನಲ್ಲಿ ನಿಲ್ಲುವ ಸಂಗತಿಗಳು ಎಂಬುದನ್ನು ಅದು ಸಾಬೀತು ಮಾಡಿತು.

ದೊಡ್ಡ ಆಕ್ಷೇಪ ಬೊಜ್ಜಿನದು. ದೇಶವೆಲ್ಲ ಬೊಜ್ಜಿನ ಬಗ್ಗೆ ಮಾತಾಡುತ್ತಿದೆ, 2025ರಲ್ಲಿ ಪ್ರಧಾನಿಯೇ ಅಡುಗೆ ಎಣ್ಣೆಯನ್ನು ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿರೆಂದು ಕರೆ ಕೊಟ್ಟರು. ಇಂಥ ಹೊತ್ತಿನಲ್ಲಿ ಮುದುಕರಿಗೆ ಹೆಚ್ಚು ತಿನ್ನಿಸಿ ಎನ್ನುವುದು ಅಪಾಯವಲ್ಲವೇ? ಬೊಜ್ಜು ನಿಜ, ಶುಗರ್, ಬಿಪಿ ನಿಜ. ನಲವತ್ತೈದರ ವಯಸ್ಸಿನ, ಕೂತು ದುಡಿಯುವ, 85 ಕಿಲೋದ ಮನುಷ್ಯನಿಗೆ ಆ ಕರೆ ಸರಿಯಾದದ್ದೇ. ತಪ್ಪಾಗುವುದು ಮಗನಿಗೆ ಹೇಳಿದ ಪಥ್ಯ ತಾಯಿಯ ತಾಟಿಗೂ ಬಂದಾಗ. 38 ಕಿಲೋದ ಹೆಣ್ಣುಮಗಳ ಅನ್ನದ ಮೇಲಿನ ಒಂದು ಚಮಚ ಎಣ್ಣೆ ಅಥವಾ ತುಪ್ಪ ಸಣ್ಣ ಹೊಟ್ಟೆಗೆ ಹಿಡಿಸುವಷ್ಟರಲ್ಲಿ ಶಕ್ತಿ ತುಂಬುವ ಸುಲಭ ದಾರಿ, ಅದನ್ನು ತೆಗೆಯುವುದು ಅನ್ಯಾಯ. ಶುಗರ್ ಇರುವ ಹಿರಿಯರ ವಿಷಯದಲ್ಲಿ ಈ ತಪ್ಪು ಇನ್ನೂ ಆಳ. ಶುಗರ್ ಹತೋಟಿ ತಪ್ಪಿ ಮೈ ಒಣಗುತ್ತಿದ್ದರೂ ‘ತೂಕ ಇಳದದ, ಛಲೋ ಆಯ್ತು’ ಎಂದು ಸಮಾಧಾನ ಪಡುತ್ತೇವೆ. ಅಮೆರಿಕದ ಮಧುಮೇಹ ಸಂಘವೇ ಹಲವು ಕಾಯಿಲೆಗಳಿಂದ ಬಳಲಿದ ಹಿರಿಯರಿಗೆ ಮೂರು ತಿಂಗಳ ಸರಾಸರಿ ಸಕ್ಕರೆಯ ಗುರಿಯನ್ನು 8ರ ಒಳಗೆ ಎಂದು ಸಡಿಲಿಸಿದೆ, ಯಾಕೆಂದರೆ ಅವರಿಗೆ ಸಕ್ಕರೆ ತಟ್ಟನೆ ಇಳಿದು ಬೀಳುವುದೇ ಹೆಚ್ಚು ಅಪಾಯ. ಅವರು ಬಿಡಬೇಕಾದದ್ದು ಚಾದ ಸಕ್ಕರೆ, ಟೋಸ್ಟು, ಬಿಸ್ಕೀಟು. ನಾವು ಬಿಡಿಸುವುದು ಬೇಳೆ, ಶೇಂಗಾ, ಹಾಲು. ನಿಜವಾಗಿ ಬೊಜ್ಜಿರುವ ಹಿರಿಯರೂ ಇದ್ದಾರೆ, ಅವರಿಗೂ ತೂಕ ಇಳಿಸುವುದಾದರೆ ಪ್ರೋಟೀನ್ ಉಳಿಸಿಕೊಂಡು, ನಡೆದಾಡುತ್ತ, ವೈದ್ಯರ ಕಣ್ಗಾವಲಿನಲ್ಲಿ ಇಳಿಸಬೇಕು. ಮೂತ್ರಪಿಂಡ ಕೆಟ್ಟವರಿಗೆ ಬೇಳೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಆ ಕೆಲವರಿಗೆ ಹೇಳಿದ ಪಥ್ಯ ಊರಿಗೆಲ್ಲ ಪಥ್ಯವಾಗಬಾರದು.

ಹಿಂದಿನವರು ಮಿತವಾಗಿ ಉಂಡು ನೂರು ವರ್ಷ ಬಾಳಿದರು ಎಂಬುದು ಎರಡನೆಯ ಆಕ್ಷೇಪ. ಬಾಳಿದ ಒಬ್ಬರನ್ನು ನಾವು ನೆನೆಯುತ್ತೇವೆ. ಅರವತ್ತಕ್ಕೇ ಸೊರಗಿ ಹೋದ ಹತ್ತು ಜನರ ಹೆಸರು ಯಾರ ನೆನಪಿನಲ್ಲೂ ಇಲ್ಲ. ಆ ಒಬ್ಬರೂ ಎಂಬತ್ತರವರೆಗೆ ಹೊಲದಲ್ಲಿ ದುಡಿದವರು, ಮೂರು ರೊಟ್ಟಿ ಉಂಡವರು. ವ್ರತದ ಮಾತು ಬೇರೆ. ಶ್ರಾವಣ ಸೋಮವಾರದ ಒಪ್ಪತ್ತು, ಏಕಾದಶಿ, ರಮಜಾನಿನ ರೋಜಾ ಇವು ಜನರ ಶ್ರದ್ಧೆ, ಅವುಗಳ ಮೇಲೆ ನನ್ನ ತಕರಾರಿಲ್ಲ. ಮುಸ್ಲಿಂ ಧರ್ಮಶಾಸ್ತ್ರವೇ ರೋಗಿಗಳಿಗೂ ಅಶಕ್ತ ವೃದ್ಧರಿಗೂ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ಶರಣರ ನಾಡಾದ ಇಲ್ಲಿ ದಾಸೋಹವೇ ದೊಡ್ಡ ಆಚರಣೆ. ಗಾಣಗಾಪುರದಲ್ಲಿ, ಕಲಬುರಗಿಯ ಶರಣಬಸವೇಶ್ವರರ ಗುಡಿಯಲ್ಲಿ ಉಣಿಸುವುದೇ ಪೂಜೆ. ಸೊರಗಿದವರು ಉಪವಾಸ ಬಿಡಲಿ ಎಂದು ಗುರುಗಳೇ ಹೇಳಿದರೆ ಮನೆಯವರು ನೂರು ಸಲ ಹೇಳಿದ್ದಕ್ಕಿಂತ ಹೆಚ್ಚು ನಾಟುತ್ತದೆ. ಕೊನೆಯುಸಿರು ಸಮೀಪಿಸಿದವರಿಗೆ ಒತ್ತಾಯದಿಂದ ತುರುಕುವುದೂ ಹಿಂಸೆಯೇ. ನಾನು ಮಾತಾಡುತ್ತಿರುವುದು ಇನ್ನೂ ಹತ್ತು ಹದಿನೈದು ವರ್ಷ ಬಾಳಬೇಕಾದವರ ಬಗ್ಗೆ.

ಮೂರನೆಯ ಮಾತು ಬಡತನದ್ದು. ಇದಕ್ಕೆ ನಾನು ತಲೆಬಾಗುತ್ತೇನೆ, ಆದರೆ ಪೂರ್ತಿ ಒಪ್ಪುವುದಿಲ್ಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. ಗುಳಿಗೆ, ಬಸ್ಸು ಖರ್ಚು ಕಳೆದು ಅದರಲ್ಲಿ ಹಾಲು, ಮೊಟ್ಟೆ ಕೊಳ್ಳುವುದು ಹೇಗೆ? 60ರಿಂದ 79ರವರೆಗಿನ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಇನ್ನೂ 200 ರೂಪಾಯಿಯಲ್ಲೇ ನಿಂತಿದೆ. 2013ರಿಂದ ಅನ್ನಭಾಗ್ಯ ಹೊಟ್ಟೆ ತುಂಬಿಸಿದೆ, ಆದರೆ ಅದರ ಮುಖ್ಯ ಧಾನ್ಯ ಅಕ್ಕಿ. ಬೇಳೆ, ಎಣ್ಣೆ ಸೇರಿದ ಕಿಟ್ ಕೊಡಬೇಕೆಂದು ಸಚಿವ ಸಂಪುಟ ತೀರ್ಮಾನಿಸಿದ್ದು 2025ರಲ್ಲಿ. ಇಷ್ಟಾದರೂ ಬಡತನವೊಂದೇ ಕಾರಣವಾಗಿದ್ದರೆ ತೊಗರಿ ಚೀಲ ಇರುವ ಮನೆಯ ಹಿರಿಯರು ಸೊರಗಬಾರದಿತ್ತು. ಇರುವ ಬೇಳೆ ಯಾರ ತಾಟಿಗೆ ಗಟ್ಟಿಯಾಗಿ, ಯಾರ ತಾಟಿಗೆ ತಿಳಿಯಾಗಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದು ನಂಬಿಕೆ. ಸರ್ಕಾರವೂ ಅದೇ ನಂಬಿಕೆಯಲ್ಲಿದೆ. 2021ರ ಕೊನೆಯಲ್ಲಿ ಕಲಬುರಗಿ ಸೇರಿ ಈ ಭಾಗದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರುವಾದಾಗ ರಾಜ್ಯವೆಲ್ಲ ಪರ ವಿರೋಧ ಚರ್ಚೆ ನಡೆಯಿತು, ಮೊಟ್ಟೆ ಉಳಿಯಿತು, ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅದೇ ಮಕ್ಕಳ ಅಜ್ಜ ಅಜ್ಜಿಯ ಊಟದ ಬಗ್ಗೆ ವಿರೋಧಿಸಲೂ ಯಾರೂ ಬಾಯಿ ತೆರೆದಿಲ್ಲ. ತಮಿಳುನಾಡು 1980ರ ದಶಕದಲ್ಲೇ ಶಾಲೆಯ ಮಧ್ಯಾಹ್ನದ ಊಟವನ್ನು ವೃದ್ಧಾಪ್ಯ ವೇತನದವರಿಗೂ ವಿಸ್ತರಿಸಿತ್ತು. ಗುಳೆ ಹೋದವರ ತಾಂಡಾಗಳಲ್ಲಿ, ಮೊಮ್ಮಕ್ಕಳನ್ನು ಕಟ್ಟಿಕೊಂಡು ಉಳಿದ ಮುದುಕರಿಗೆ ಅಂಗನವಾಡಿಯ ಒಲೆಯಿಂದಲೇ ಒಂದು ಹೊತ್ತು ಬಿಸಿ ಊಟ ಕೊಡಲು ಹೊಸ ಕಟ್ಟಡವೇನೂ ಬೇಕಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ರೊಟ್ಟಿ ಮಾಡಿ ಪೇಟೆಗೆ ಕಳಿಸುತ್ತಿದ್ದಾರೆ. ಅವರ ಕೈಗೇ ಈ ಕೆಲಸ ಕೊಡಬಹುದು. ಸಂವಿಧಾನದ 371(ಜೆ) ಕಲಮಿನ ಹೆಸರಿನಲ್ಲಿ ಈ ಭಾಗಕ್ಕೆ ಬರುವ ಹಣದಲ್ಲಿ ರಸ್ತೆ, ಕಟ್ಟಡಗಳ ಜೊತೆ ಇದಕ್ಕೂ ಒಂದು ಪಾಲು ಇರಬೇಕು.

ಊಟವೊಂದರಿಂದಲೇ ಬಲ ಬರುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. 1994ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರ, ಸರಾಸರಿ 87 ವಯಸ್ಸಿನ 100 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಹತ್ತು ವಾರ ಭಾರ ಎತ್ತುವ ವ್ಯಾಯಾಮ ಮಾಡಿದವರ ಕಾಲಿನ ಬಲ ಎರಡು ಪಟ್ಟಿಗೂ ಹೆಚ್ಚಾಯಿತು. ಪೌಷ್ಟಿಕ ಪೇಯ ಮಾತ್ರ ಕುಡಿದು ಕೂತವರಿಗೆ ಆ ಲಾಭ ಸಿಗಲಿಲ್ಲ. ‘ನೀ ಸುಮ್ಮ ಕೂಡು’ ಎಂದು ಕೈಯ ಕೆಲಸ ಕಸಿದುಕೊಳ್ಳುವ ಪ್ರೀತಿಯೂ ಹಗೂರ ಊಟದ ಪ್ರೀತಿಯಂತೆಯೇ ಕೇಡು ಮಾಡುತ್ತದೆ. ಗಟ್ಟಿ ಊಟ ಉಂಡ ಮುತ್ಯಾ ಹೊಲದ ಬದುವಿನವರೆಗೆ ನಡೆದು ಬರಲಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಲಿ.

ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಪಂಚಾಯಿತಿಗಳಿಗೆ ನನ್ನ ಕೇಳಿಕೆ ದೊಡ್ಡದಲ್ಲ. ಬಿಪಿ, ಶುಗರ್ ಗುಳಿಗೆಗೆ ಬರುವ ಪ್ರತಿ ಹಿರಿಯರನ್ನೂ ತೂಗಿ, ಅಂಕಿಯನ್ನು ಅವರ ಚೀಟಿಯ ಮೇಲೆ ಬರೆಯಿರಿ, ಹಿಂದಿನ ಸಲದ ಅಂಕಿಯ ಪಕ್ಕದಲ್ಲೇ ಬರೆಯಿರಿ. ಆಶಾ ಕಾರ್ಯಕರ್ತೆಯರ ಕೈಗೆ ಒಂದು ಟೇಪು ಕೊಡಿ. ಎರಡು ಕಿಲೋ ಇಳಿದವರನ್ನು ‘ವಯಸ್ಸು’ ಎಂದು ಮನೆಗೆ ಕಳಿಸಬೇಡಿ, ಕಫ ಪರೀಕ್ಷೆ ಮಾಡಿ, ಹಲ್ಲು ನೋಡಿ, ಗುಳಿಗೆ ನೋಡಿ, ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂದು ಕೇಳಿ. ಓದುಗರಲ್ಲಿ ಕೇಳುವುದು ಇನ್ನೂ ಸಣ್ಣದು: ಇವತ್ತು ರಾತ್ರಿ ಆಯಿಯ ತಾಟಿಗೆ ಬ್ಯಾಳಿ ಬಡಿಸುವಾಗ ಸೌಟನ್ನು ತಳಕ್ಕೆ ಹಾಕಿ ಬಡಿಸಿ, ನಾಳೆ ಸಂತೆಗೆ ಹೋದಾಗ ಆಕೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ.